ಕಡಲ ಬದಿಯ ಮನೆ ಮಾರಬೇಕೇ?

ಶಿರೂರಿನಿಂದ ದಕ್ಷಿಣಕ್ಕೆ ಬಂದರೆ ಜಾಗದ ಲೆಕ್ಕ ಸೆಂಟ್ಸಿನಲ್ಲಿ, ಉತ್ತರಕ್ಕೆ ಭಟ್ಕಳದ ಕಡೆ ಹೋದರೆ ಗುಂಟೆಯಲ್ಲಿ. ಕಾರಣ ಬ್ರಿಟಿಷರ ಕಾಲದ್ದು: ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲೇ ಉಳಿಯಿತು, ಉತ್ತರ ಕನ್ನಡ 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ಆಳಿದವರು ಹೋಗಿ ಎಷ್ಟೋ ಕಾಲವಾದರೂ ಅಳತೆ ಮಾತ್ರ ಹೋಗಿಲ್ಲ. ಈಗ ಮೂರನೆಯ ಅಳತೆಯೊಂದು ಬಂದಿದೆ, ಬೆಂಗಳೂರಿನವರ ಚದರಡಿ. ಒಂದು ಸೆಂಟ್ಸ್ ಅಂದರೆ 435.6 ಚದರಡಿ. ಕಡಲ ಬದಿಯಲ್ಲಿ ಸೆಂಟ್ಸಿಗೆ 3 ಲಕ್ಷ ಎಂದು ಯಾರಾದರೂ ಬಾಯಿಬಿಟ್ಟರೆ ಊರವರು ‘ಹುಚ್ಚಾ ಮಾರಾಯ್ರೆ’ ಎನ್ನುತ್ತಾರೆ. ಅದನ್ನೇ ದಲ್ಲಾಳಿ ಫೋನಿನಲ್ಲಿ ಚದರಡಿಗೆ 700 ರೂಪಾಯಿಯ ಒಳಗೆ ಎಂದು ತಿರುಗಿಸಿ ಹೇಳಿದರೆ ವೈಟ್‌ಫೀಲ್ಡಿನಲ್ಲಿ ಕುಳಿತವರಿಗೆ ಪುಕ್ಕಟೆ ಸಿಕ್ಕಿದ ಹಾಗೆ ಕಾಣುತ್ತದೆ. ಉಡುಪಿ ಜಿಲ್ಲೆಯ ಕಡಲ ಬದಿಯ ಸಣ್ಣ ಊರುಗಳಲ್ಲಿ ಮನೆ ಮಾರಾಟದ ಬಗ್ಗೆ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲಿಗೆ ಮೂಲ ಇದೇ: ಒಂದೇ ಬೆಲೆ, ಕೇಳುವ ಕಿವಿ ಎರಡು.

ಕಾಪುವಿನಿಂದ ಬೈಂದೂರಿನವರೆಗೆ ಈ ಪಟ್ಟಿಯುದ್ದಕ್ಕೂ ಇವತ್ತು ಎರಡು ಪಂಗಡ. ಅಜ್ಜನ ಮನೆಯನ್ನು ಹೊರಗಿನವರಿಗೆ ಮಾರಿದರೆ ಊರೇ ಹೋದ ಹಾಗೆ ಎನ್ನುವವರು ಒಂದು ಕಡೆ. ಸೋರುವ ಮನೆಯ ಖರ್ಚು ನೀವು ಕೊಡುತ್ತೀರಾ ಎಂದು ಕೇಳುವವರು ಇನ್ನೊಂದು ಕಡೆ. ತಮಾಷೆಯೆಂದರೆ ಎರಡೂ ಕಡೆಯವರು ಬಹಳ ಸಲ ಒಂದೇ ಮನೆಯವರು. ಅಣ್ಣ ಮಾರೋಣ ಎನ್ನುತ್ತಾನೆ, ಮುಂಬೈಯಲ್ಲಿ ಹೋಟೆಲು ಇಟ್ಟುಕೊಂಡ ತಮ್ಮ ಬೇಡ ಎನ್ನುತ್ತಾನೆ. ತಮ್ಮ ಊರಿಗೆ ಬರುವುದು ಮೇ ತಿಂಗಳಲ್ಲಿ ಒಂದು ವಾರ.

ಮಾರುವವರ ಮಾತನ್ನು ಮೊದಲು ಕೇಳೋಣ, ಏಕೆಂದರೆ ಬೈಸಿಕೊಳ್ಳುವವರು ಅವರೇ. ಹಳೆಯ ಹಂಚಿನ ಮನೆಯನ್ನು ಖಾಲಿ ಬಿಡುವುದು ಎಂದರೇನು ಎಂದು ಫೋಟೋ ನೋಡಿ ಮರುಗುವವರಿಗೆ ಗೊತ್ತಿರುವುದಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮೇ ಮುಗಿಯುವ ಮೊದಲು ಯಾರಾದರೂ ಮಾಡು ಹತ್ತಿ ಹಂಚು ಕೈಯಾಡಿಸಬೇಕು. ತೆಂಗಿನ ಗರಿ ಬಿದ್ದು ಒಡೆದ ಒಂದು ಹಂಚನ್ನು ಬದಲಿಸದೆ ಬಿಟ್ಟರೆ ಮೊದಲ ವರ್ಷ ರೀಪು ಕಪ್ಪಾಗುತ್ತದೆ. ಮರುವರ್ಷ ಅದರ ಕೆಳಗಿನ ಪಕ್ಕಾಸು ಕುಂಬಾಗುತ್ತದೆ. ನೀರು ಗೋಡೆಯ ತಲೆಗೆ ಇಳಿದ ಮೇಲೆ ಒರಲೆ ಹಿಡಿಯಲು ಹೆಚ್ಚು ದಿನ ಬೇಡ. ಅದು ಬಾಗಿಲ ದಾರಂದವನ್ನು ಒಳಗಿನಿಂದ ತಿಂದು ಹೊರಗಿನ ಬಣ್ಣವನ್ನು ಮಾತ್ರ ಉಳಿಸುತ್ತದೆ. ಕೈಯಿಟ್ಟರೆ ಬೆರಳು ಒಳಗೆ ಹೋಗುತ್ತದೆ. ಇದರ ಮೇಲೆ ಉಪ್ಪು ಗಾಳಿ: ಕೀಲು, ಬೀಗ, ವಯರಿಂಗು ಯಾವುದನ್ನೂ ಅದು ಬಿಡುವುದಿಲ್ಲ. ಹಂಚು ಕೈಯಾಡಿಸುವ ಕೆಲಸ ಗೊತ್ತಿದ್ದವರಿಗೆ ಈಗ ವಯಸ್ಸಾಗಿದೆ. ಸಿಕ್ಕಿದರೂ ಮಾಡಿನ ಮೇಲೆ ತಗಡು ಹೊದೆಸಿಬಿಡಿ ಎನ್ನುತ್ತಾರೆ.

ಮರವಂತೆ ಕಡೆಯ ಒಬ್ಬ ಅಮ್ಮ ಇದನ್ನು ಕುಂದಾಪ್ರದ ಭಾಷೆಯಲ್ಲಿ ಎರಡೇ ವಾಕ್ಯದಲ್ಲಿ ಮುಗಿಸಿದ್ದರು: ‘ಹ್ವಾಯ್, ಮಾರ್ಬೇಡಿ ಅಂದ್ ಹೇಳುದ್ ಸುಲ್ಭ. ಮಾಡ್ ಸೋರಿರೆ ಬಾಲ್ದಿ ಇಡುದ್ ಯಾರ್?’ ಅವರ ಮೂವರು ಮಕ್ಕಳಲ್ಲಿ ಒಬ್ಬರೂ ಈ ಊರಿನಲ್ಲಿಲ್ಲ. ಮಂಡಿನೋವಿಗೆ ಮಣಿಪಾಲಕ್ಕೆ ಹೋಗಿಬರಬೇಕಾದರೆ ಒಂದು ಹಗಲು ಬೇಕು. ಅಂಥವರಿಗೆ ಮನೆ ಮಾರುವುದು ದುರಾಸೆ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಇನ್ನು ‘ತಲೆತಲಾಂತರದ ಜಾಗ’ ಎಂಬ ಮಾತು. ಕೆಲವು ಮನೆಗಳಿಗೆ ಅದು ನಿಜ, ಬಹಳಷ್ಟಕ್ಕೆ ಅರ್ಧ ಮಾತ್ರ ನಿಜ. ಮಾರ್ಚ್ 1, 1974ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಗೆ ಮೊದಲು ಇಲ್ಲಿನ ಎಷ್ಟೋ ಕುಟುಂಬಗಳು ಚಾಲಗೇಣಿಯ ಒಕ್ಕಲುಗಳು. ಡಿಕ್ಲರೇಶನ್ ಹಾಕಿ, ಭೂ ನ್ಯಾಯಮಂಡಳಿಯ ಎದುರು ನಿಂತು ಜಾಗ ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಆ ಜಾಗದ ಬಲದಿಂದಲೇ ಮಕ್ಕಳನ್ನು ಓದಿಸಿದರು, ಓದಿದ ಮಕ್ಕಳು ಊರು ಬಿಟ್ಟರು. ದಣಿಗಳ ಅಂಗಳದಲ್ಲಿ ನಿಂತು ಗೇಣಿ ಅಳೆದುಕೊಟ್ಟವರ ಮೊಮ್ಮಗ ಇವತ್ತು ಅದೇ ಜಾಗವನ್ನು ಒಳ್ಳೆಯ ಬೆಲೆಗೆ ಮಾರಿದರೆ ಅದರಲ್ಲಿ ಒಂದು ನ್ಯಾಯವೂ ಇದೆ. ಪರಂಪರೆಯ ಹೆಸರಿನಲ್ಲಿ ಅವನನ್ನು ತಡೆಯುವವರು ಹೆಚ್ಚಾಗಿ ತಮ್ಮ ಪಾಲನ್ನು ಎಂದೋ ಮಾರಿಕೊಂಡವರು ಎಂಬುದು ನನ್ನ ಅನುಭವ. ತಪ್ಪಿದ್ದರೆ ತಿದ್ದಿ.

ಹಾಗೆಂದು ಬೇಡ ಎನ್ನುವವರ ಮಾತು ಬರೀ ಭಾವುಕತೆಯಲ್ಲ. ಅವರ ವಾದದಲ್ಲಿ ಗಟ್ಟಿಯಾದ ಕಾಳು ಬೆಲೆಯದು. ಊರಿನಲ್ಲೇ ದುಡಿಯುವವರಲ್ಲಿ ಬೋಟಿಗೆ ಹೋಗುವ ಹುಡುಗನಿದ್ದಾನೆ, ಅಂಗನವಾಡಿಯ ಟೀಚರಿದ್ದಾರೆ, ಗ್ಯಾರೇಜು ಇಟ್ಟವರಿದ್ದಾರೆ. ಅವರ ಸಂಪಾದನೆಗೂ ಕಡಲ ಬದಿಯ ಸೆಂಟ್ಸಿನ ಬೆಲೆಗೂ ಈಗ ಸಂಬಂಧವೇ ಉಳಿದಿಲ್ಲ. ಮದುವೆಯಾಗಿ ಬೇರೆ ಮನೆ ಮಾಡಬೇಕೆಂದರೆ ಹೆದ್ದಾರಿ ದಾಟಿ ಒಳಗೆ, ಗುಡ್ಡದ ಕಡೆ ಜಾಗ ಹುಡುಕಬೇಕು. ಮೀನುಗಾರನ ಮನೆ ಕಡಲಿನಿಂದ ನಾಲ್ಕು ಮೈಲಿ ದೂರ ಹೋದರೆ ಅದು ಅವನ ಕಸುಬಿಗೆ ಬಿದ್ದ ಪೆಟ್ಟು. ನಾಡದೋಣಿಯವರು ಗಾಳಿ, ನೀರಿನ ಬಣ್ಣ, ಹಕ್ಕಿ ನೋಡಿ ಹೊರಡುವವರು, ವಾಟ್ಸಾಪ್ ನೋಡಿ ಅಲ್ಲ. ಮಾರಿದವನಿಗೆ ಬಂದ ಲಾಭಕ್ಕೆ ಮಾರದವನ ಮಗ ಬೆಲೆ ತೆರುತ್ತಾನೆ. ಈ ಲೆಕ್ಕ ಯಾವ ಕ್ರಯಪತ್ರದಲ್ಲೂ ಬರುವುದಿಲ್ಲ.

ಎರಡನೆಯದು ನೀರು. ಪಡುಕೆರೆ, ಕೋಡಿ ಬೆಂಗ್ರೆಯಂಥ ಕಡೆ ನೆಲವೆಂದರೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಮರಳಿನ ಪಟ್ಟಿ. ಮಳೆಗಾಲದಲ್ಲಿ ಇಂಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಬಾವಿಯಿಂದ ಕೊಡಪಾನದಲ್ಲಿ ಸೇದುವಷ್ಟಕ್ಕೆ ಅದು ಸಾಕು. ಹತ್ತು ಕೋಣೆಯ ಹೋಂಸ್ಟೇ, ಅದರ ಹುಲ್ಲುಹಾಸು, ಈಜುಕೊಳಕ್ಕೆ ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಬರುವುದು ಪಂಪಿನವರ ಬಾವಿಗೆ ಮಾತ್ರವಲ್ಲ. ಏಪ್ರಿಲಿನಲ್ಲಿ ಪಕ್ಕದ ಮನೆಯ ಚಹಾ ಉಪ್ಪಾದಾಗ ಹೊರಗಿನವರ ಮೇಲಿನ ಸಿಟ್ಟು ತತ್ವದ ವಿಷಯವಾಗಿ ಉಳಿಯುವುದಿಲ್ಲ.

ಮೂರನೆಯದಾಗಿ ಬೀಗದ ಮನೆ. ಕೊಂಡವರು ಬರುವುದು ಶನಿವಾರ, ಹೋಗುವುದು ಭಾನುವಾರ. ವಾರವಿಡೀ ಗೇಟಿಗೆ ಬೀಗ, ಸಿಸಿಟಿವಿಯ ಕೆಂಪು ದೀಪ. ಶಾಲೆಗೆ ಮಗು ಬರುವುದಿಲ್ಲ, ದೇವಸ್ಥಾನದ ತೇರಿಗೆ ಕೈ ಸೇರುವುದಿಲ್ಲ, ಯಾರಾದರೂ ತೀರಿಕೊಂಡರೆ ಹೆಣ ಹೊರಲು ಹೆಗಲು ಸಿಗುವುದಿಲ್ಲ. ಇದು ನಿಜವಾದ ದೂರು. ಆದರೆ ಇದನ್ನು ಹೊರಗಿನವರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಮುಂಬೈಯ, ದುಬೈಯ ನಮ್ಮವರೇ ಕಟ್ಟಿಸಿದ ಎರಡು ಮಹಡಿಯ ಮನೆಗಳಿಗೆ ವರ್ಷಕ್ಕೆ ಹನ್ನೊಂದು ತಿಂಗಳು ಬೀಗವೇ. ಗ್ರಾನೈಟಿನ ಮೆಟ್ಟಿಲು, ಸ್ಟೀಲಿನ ಗೇಟು, ಒಳಗೆ ಪ್ಲಾಸ್ಟಿಕ್ ಬಿಚ್ಚದ ಸೋಫಾ. ಆ ಬೀಗವನ್ನು ನಾವು ‘ಊರಿನ ಮೇಲಿನ ಪ್ರೀತಿ’ ಎನ್ನುತ್ತೇವೆ, ಬೆಂಗಳೂರಿನವರ ಬೀಗವನ್ನು ಆಕ್ರಮಣ ಎನ್ನುತ್ತೇವೆ. ಮಗು ಇಲ್ಲದ ಶಾಲೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕಡಲಿಗೆ ತೀರಾ ಹತ್ತಿರದ ಮನೆಗಳಲ್ಲಿ ಮಾರಾಟವಾಗುವುದು ನಿಜಕ್ಕೂ ಏನು ಎಂದು ಒಮ್ಮೆ ಕೇಳಿನೋಡಬೇಕು. ಗೋಡೆಯೂ ಅಲ್ಲ, ಹಂಚೂ ಅಲ್ಲ. 2019ರ ಜನವರಿಯಲ್ಲಿ ಹೊರಬಿದ್ದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಎಲ್ಲರೂ ಸಿಆರ್‌ಝಡ್ ಎನ್ನುವ ಅದು, ಗ್ರಾಮೀಣ ಕರಾವಳಿಯನ್ನು ಎರಡಾಗಿ ಮಾಡಿದೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದ ಕಡೆ ಉಬ್ಬರದ ಗೆರೆಯಿಂದ 50 ಮೀಟರ್, ಅದಕ್ಕಿಂತ ವಿರಳವಾಗಿದ್ದ ಕಡೆ 200 ಮೀಟರ್ ವರೆಗೆ ಹೊಸ ಕಟ್ಟಡಕ್ಕೆ ತಡೆ. ವಿರಳ ಪ್ರದೇಶದಲ್ಲಿ 100ರಿಂದ 200 ಮೀಟರಿನ ನಡುವೆ ಮೀನುಗಾರರಂಥ ಸ್ಥಳೀಯ ಸಮುದಾಯದವರ ವಾಸದ ಮನೆಗೆ ಮಾತ್ರ ದಾರಿ ಇದೆ. ಆದರೆ ಅಧಿಕೃತವಾಗಿ ಇರುವ ಹಳೆಯ ಕಟ್ಟಡವನ್ನು ಅದರ ಪಾಯದ ಅಳತೆ ಮೀರದಂತೆ ರಿಪೇರಿ ಮಾಡಬಹುದು, ಮತ್ತೆ ಕಟ್ಟಬಹುದು. ಅರ್ಥವಾಯಿತಲ್ಲ? ಖಾಲಿ ಜಾಗ ಕೊಂಡರೆ ಅಲ್ಲಿ ತೆಂಗಿನಕಾಯಿ ಎಣಿಸಬಹುದು ಅಷ್ಟೆ. ಬೀಳುವ ಹಾಗಿದ್ದರೂ ಪಂಚಾಯತಿಯ ಪುಸ್ತಕದಲ್ಲಿ ಮನೆ ನಂಬ್ರ ಇರುವ ಒಂದು ಮುರುಕಲು ಮನೆ ಕೊಂಡರೆ ಕಡಲೆದುರು ವಾಸ ಸಿಗುತ್ತದೆ. ದಲ್ಲಾಳಿಗಳು ‘ಡೋರ್ ನಂಬ್ರ ಉಂಟಾ?’ ಎಂದು ಮೊದಲು ಕೇಳುವುದು ಇದಕ್ಕೇ.

ಈ ಕಾನೂನು ಎರಡೂ ಪಕ್ಷಗಳನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಕಾಯಿದೆ ಇಲ್ಲದೆ ಇದ್ದಿದ್ದರೆ ತೀರವೆಲ್ಲ ಕಾಂಕ್ರೀಟಾಗುತ್ತಿತ್ತು, ಗೋವಾದ ಕೆಲವು ತೀರಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಅದೇ ಕಾಯಿದೆ ಹಳೆಯ ಸಣ್ಣ ಮನೆಗಳ ಬೆಲೆಯನ್ನು ಏರಿಸಿ, ಅವು ಮೊದಲು ಮಾರಾಟವಾಗುವಂತೆಯೂ ಮಾಡಿದೆ. ಬಡವರ ಮನೆಗಳೇ ಕಡಲಿಗೆ ಹತ್ತಿರ ಇದ್ದದ್ದು. ಸ್ಥಳೀಯರು ಇರುವ ಮನೆಯ ಪಾಯ, ಎದುರು ನೋಟ ಬದಲಿಸದೆ ಹೋಂಸ್ಟೇ ನಡೆಸಬಹುದು ಎಂದು ಅದೇ ಅಧಿಸೂಚನೆ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಅಧಿಸೂಚನೆಯಲ್ಲಿ ಊರಿಗೆ ಹೆಚ್ಚು ಉಪಯೋಗವಾಗಬಹುದಾದ ಸಾಲು ಅದು. ಮಾರುವ ಮೊದಲು ಹತ್ತರಲ್ಲಿ ಒಬ್ಬರೂ ಅದನ್ನು ಯೋಚಿಸುವುದಿಲ್ಲ. ಯೋಚಿಸಿದವರಿಗೆ ಕೈಯಲ್ಲಿ ಬಂಡವಾಳ ಇರುವುದಿಲ್ಲ.

ಕೊಳ್ಳುವವರ ಕಡೆಗೂ ಸ್ವಲ್ಪ ನೋಡೋಣ, ಅವರ ಪರ ಮಾತಾಡುವವರು ಊರಿನಲ್ಲಿ ಯಾರೂ ಇರುವುದಿಲ್ಲ. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕೈಬಿಟ್ಟ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ತೋಟದ ಮನೆಯ ಕನಸು ಹೊತ್ತು ಬರುವವರು ಹೆಚ್ಚಿದರು. ಬಂದವರಲ್ಲಿ ಎಲ್ಲರೂ ರೆಸಾರ್ಟಿನವರಲ್ಲ. ನಿವೃತ್ತ ಮೇಷ್ಟರಿದ್ದಾರೆ, ಮನೆಯಿಂದಲೇ ಕೆಲಸ ಮಾಡುವ ಗಂಡ ಹೆಂಡತಿ ಇದ್ದಾರೆ, ಇದೇ ಜಿಲ್ಲೆಯಿಂದ ಅಪ್ಪನ ಕಾಲಕ್ಕೆ ಬೆಂಗಳೂರಿಗೆ ಹೋಗಿ ಈಗ ಮರಳಿ ಬರಬೇಕೆನ್ನುವವರಿದ್ದಾರೆ. ಕಂಬ, ತೊಲೆ, ಮುಚ್ಚಿಗೆ ಕಳಚಿ ಮರದ ಲೆಕ್ಕದಲ್ಲಿ ಮಾರಿಬಿಡೋಣ ಎಂದು ಮನೆಯವರೇ ಹೊರಟಾಗ, ಬೇಡ, ಇದ್ದ ಹಾಗೇ ಇರಲಿ ಎಂದು ಹೆಚ್ಚು ದುಡ್ಡು ಸುರಿದು ಉಳಿಸಿದವರಲ್ಲಿ ಹೊರಗಿನವರು ಕಡಿಮೆಯೇನಿಲ್ಲ. ಕೆಡವಲು ಹೊರಟ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಆ ಭಾಗ್ಯ ಎಷ್ಟು ಮನೆಗೆ ಸಿಕ್ಕೀತು? ಉಳಿದವುಗಳ ಕಂಬಗಳು ಇವತ್ತು ಯಾವ ಯಾವುದೋ ಹೋಟೆಲಿನ ರಿಸೆಪ್ಶನ್ನಿನಲ್ಲಿ ನಿಂತಿವೆ.

ಮೋಸ ಹೋಗುವವರೂ ಇವರೇ. ಕೊಳ್ಳುವವರಿಗೆ ಮನೆ ತೋರಿಸುವುದು ಡಿಸೆಂಬರಿನಲ್ಲಿ, ಕಡಲು ಹಾಸಿದ ಚಾಪೆಯಂತೆ ಮಲಗಿರುವಾಗ. ಜುಲೈಯಲ್ಲಿ ಅಲೆ ಎಲ್ಲಿಯವರೆಗೆ ಬರುತ್ತದೆ, ಕಳೆದ ಬಾರಿ ಎಷ್ಟು ತೆಂಗು ಹೋಯಿತು, ಸರ್ಕಾರ ಹಾಕಿದ ಕಲ್ಲು ಎಷ್ಟು ಜರಿಯಿತು ಎಂಬುದನ್ನು ಯಾರೂ ಬಾಯಿಬಿಡುವುದಿಲ್ಲ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ದೋಷ ತನಗೆ ಗೊತ್ತಿದ್ದರೆ ಮಾರುವವನು ಅದನ್ನು ತಿಳಿಸಲೇಬೇಕು ಎಂದು ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು ಹೇಳುತ್ತದೆ. ಕಡಲ್ಕೊರೆತ ಅಂಥದ್ದೊಂದು ದೋಷ ಎಂದು ಒಪ್ಪಿಕೊಳ್ಳಲು ನಮ್ಮವರು ತಯಾರಿಲ್ಲ. ‘ಅದು ದೇವರದ್ದು’ ಎನ್ನುತ್ತಾರೆ. ಬೇಲಿಯ ಒಳಗೆ ತೋರಿಸಿದ 30 ಸೆಂಟ್ಸಿನಲ್ಲಿ ಅರ್ಧ ಕಡಲ ಬದಿಯ ಸರ್ಕಾರಿ ಪರಂಬೋಕಾಗಿರುತ್ತದೆ, ಒಳನಾಡಾದರೆ ಕುಮ್ಕಿಯಾಗಿರುತ್ತದೆ. ಕುಮ್ಕಿ ಎಂದರೆ ಸೊಪ್ಪು ಸೌದೆಗೆ ವರ್ಗದಾರನಿಗಿದ್ದ ಸವಲತ್ತು. ನೆಲ ಸರ್ಕಾರದ್ದು, ಮಾರಲು ಬರುವುದಿಲ್ಲ. ಆರ್‌ಟಿಸಿ, 11ಇ ನಕ್ಷೆ, ಪಂಚಾಯತಿಯ 9/11 ಎಂದರೇನು ಎಂದು ಕಲಿಯುವಷ್ಟರಲ್ಲಿ ಮುಂಗಡ ಹೋಗಿರುತ್ತದೆ. ಅದರಲ್ಲೂ ಒಂದಷ್ಟು ನಗದು ಕೊಟ್ಟಿದ್ದರೆ ಕೇಳುವ ಹಾಗೂ ಇಲ್ಲ. ಮಾರ್ಗಸೂಚಿ ದರಕ್ಕೆ ರಿಜಿಸ್ಟ್ರಿ ಮಾಡಿಸಿ ಉಳಿದದ್ದನ್ನು ಕೈಯಲ್ಲಿ ಪಡೆಯುವ ಚಾಳಿ ಮಾರುವವರದು, ಮುದ್ರಾಂಕ ಶುಲ್ಕ ಉಳಿಯಿತೆಂದು ಒಪ್ಪುವ ಚಾಳಿ ಕೊಳ್ಳುವವರದು. ಈ ವಿಷಯದಲ್ಲಿ ಮಾತ್ರ ಎರಡು ಕಡೆಯವರೂ ಸಮಾನ ಪಾಪಿಗಳು.

ಹಾಗಾದರೆ ಕಾನೂನಿಗೆ ಊರಿನವರ, ಮನೆಯವರ ಮೇಲೆ ಒಲವೇ ಇಲ್ಲವೇ? ಇದೆ, ನಾವು ಬಳಸುವುದಿಲ್ಲ. ವಾರಸಾಗಿ ಬಂದ ಆಸ್ತಿಯಲ್ಲಿ ಒಬ್ಬ ಪಾಲುದಾರ ತನ್ನ ಪಾಲು ಮಾರಲು ಹೊರಟರೆ ಅದನ್ನು ಮೊದಲು ಕೊಳ್ಳುವ ಹಕ್ಕು ಜೊತೆಯ ವಾರಸುದಾರರಿಗಿದೆ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೇ ಕಲಮು ಹೇಳುತ್ತದೆ. ಅದು ಕೃಷಿ ಜಮೀನಿಗೂ ಅನ್ವಯ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಅವಿಭಕ್ತ ಮನೆಯ ಒಂದು ಪಾಲನ್ನು ಪರರು ಕೊಂಡು ಪಾಲುಪಟ್ಟಿಗೆ ದಾವೆ ಹೂಡಿದರೆ, ಬೆಲೆ ಕೊಟ್ಟು ಅದನ್ನು ಬಿಡಿಸಿಕೊಳ್ಳುವ ಅವಕಾಶವನ್ನು 1893ರ ಪಾಲು ಕಾಯಿದೆ ಮನೆಯವರಿಗೆ ಕೊಡುತ್ತದೆ. ಆದರೆ ಎಲ್ಲ ಕಡೆ ಒಂದೇ ಷರತ್ತು: ಬೆಲೆ ಕೊಡಬೇಕು. ಮಾರಬೇಡ ಎನ್ನುವ ತಮ್ಮ ಅಣ್ಣನ ಪಾಲಿಗೆ ಪೇಟೆಯ ಬೆಲೆ ಕೊಡಲು ತಯಾರಿದ್ದಾನೆಯೇ? ಬಹಳ ಮನೆಗಳಲ್ಲಿ ಜಗಳ ಇಲ್ಲಿಗೆ ನಿಲ್ಲುತ್ತದೆ. ತಾಯಿಯ ಕಡೆಯಿಂದ ಪಾಲು ಬರುವ ಅಳಿಯಸಂತಾನದ ಕುಟುಂಬಗಳಲ್ಲಿ ಪಾಲಾಗದೆ ಉಳಿದ ಮನೆಗೆ ಸಹಿ ಹಾಕಬೇಕಾದವರೇ ಮೂವತ್ತು ನಲವತ್ತು ಮಂದಿ, ಕವರಿಗೊಬ್ಬ, ಅಂದರೆ ಕವಲಿಗೊಬ್ಬ, ಯಜಮಾನ. ಅಲ್ಲಿ ಮಾರಾಟವೂ ಆಗುವುದಿಲ್ಲ, ರಿಪೇರಿಯೂ ಆಗುವುದಿಲ್ಲ. ಬೇರೆಯವರಲ್ಲೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಸಹಿ ಬೇಕೇ ಬೇಕು. ಅಕ್ಕತಂಗಿಯರನ್ನು ಕರೆದು ಊಟ ಹಾಕಿ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವ ಕಾಲ ಹೋಗುತ್ತಿದೆ. ಒಳ್ಳೆಯದೇ ಆಯಿತು.

ಇಷ್ಟೆಲ್ಲ ತೂಗಿನೋಡಿದರೆ ತಕ್ಕಡಿ ಎತ್ತ ವಾಲುತ್ತದೆ? ಮಾರುವ ಹಕ್ಕಿನ ಕಡೆಗೇ ನನ್ನ ಮತ, ಆದರೆ ಸ್ವಲ್ಪ ಹಿಂಜರಿಕೆಯಿಂದ. ಖಾಲಿ ಮನೆ ಯಾರ ಹೆಸರಿನಲ್ಲಿದ್ದರೂ ಬೀಳುತ್ತದೆ. ಜಾತಿ, ಭಾಷೆ, ಊರು ನೋಡಿ ಕೊಳ್ಳುವವರನ್ನು ಆರಿಸಬೇಕೆನ್ನುವ ಮಾತು ಕೇಳಲು ಊರ ಪ್ರೀತಿಯಂತಿದ್ದರೂ ಅದರ ಹಿಂದೆ ಇರುವುದು ಬೇರೆಯೇ. ನಮ್ಮ ಹೋಟೆಲಿನವರನ್ನು ಮುಂಬೈ ಹೀಗೆ ಕೇಳಿದ್ದರೆ ಈ ಊರುಗಳ ಅರ್ಧ ಮನೆಗಳಿಗೆ ಹಂಚೇ ಬರುತ್ತಿರಲಿಲ್ಲ. ಆದರೆ ಬೇಡ ಎನ್ನುವವರು ಎತ್ತುವ ನೀರಿನ ಪ್ರಶ್ನೆ, ಕಡಲಿಗೆ ಇಳಿಯುವ ದಾರಿಯ ಪ್ರಶ್ನೆ ಹಕ್ಕಿನ ಮಾತಿನಿಂದ ತೀರುವುದಿಲ್ಲ. ಮನೆ ನನ್ನದು ಎನ್ನಬಹುದು, ಅಡಿಯ ನೀರು ನನ್ನೊಬ್ಬನದು ಎನ್ನಲಾಗದು. ಹತ್ತು ಕೋಣೆಯ ಹೋಂಸ್ಟೇಗೆ ಪರವಾನಗಿ ಕೊಡುವ ಮೊದಲು ಪಂಚಾಯತಿ ಪಕ್ಕದ ಬಾವಿಗಳ ನೀರನ್ನು ಏಪ್ರಿಲಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಗ್ರಾಮಸಭೆಯಲ್ಲಿ ಎದ್ದು ಕೇಳುವ ನಾಲ್ಕು ಜನ ಸಾಕು.

ದಾರಿಯ ವಿಷಯ ಇನ್ನೂ ಸೂಕ್ಷ್ಮ. ಮನೆಯ ಅಂಗಳದ ಬದಿಯಿಂದ ಕಡಲಿಗೆ ಇಳಿಯುವ ಕಾಲುದಾರಿಯಲ್ಲಿ ಬಲೆ ಹೊತ್ತವರು, ಮೀನು ಒಣಗಿಸುವ ಹೆಂಗಸರು ಕೇಳದೆ ಓಡಾಡುತ್ತಾರೆ. ಹಿತ್ತಲಿನ ನಾಗಬನಕ್ಕೆ ನಾಗರ ಪಂಚಮಿಗೆ ತನು ಎರೆಯಲು ಕುಟುಂಬದವರು ಎಲ್ಲೆಲ್ಲಿಂದಲೋ ಬರುತ್ತಾರೆ. ಹಳೆಯ ಪತ್ರಗಳಲ್ಲಿ ‘ಮಾಮೂಲು ದಾರಿ, ನೀರು ಸಹಿತ’ ಎಂದು ಬರೆದು ಮುಗಿಸುತ್ತಿದ್ದರು. ಬರೆಸಿದವರಿಗೂ ಬರೆದವರಿಗೂ ಅದು ಯಾವ ದಾರಿ ಎಂದು ಗೊತ್ತಿತ್ತು. ಹೊರಗಿನಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಅವರು ಕಾಂಪೌಂಡು ಕಟ್ಟುತ್ತಾರೆ, ತಪ್ಪೇನೂ ಅಲ್ಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಾಗಿ ನಡೆದ ದಾರಿಗೆ 1882ರ ಅನುಭೋಗ ಕಾಯಿದೆಯ ರಕ್ಷಣೆ ಇದೆ ಎಂದು ಊರವರು ಕೋರ್ಟಿಗೆ ಹೋಗುತ್ತಾರೆ, ಅದೂ ತಪ್ಪಲ್ಲ. ನಡುವೆ ಹತ್ತು ವರ್ಷ ಕಳೆಯುತ್ತದೆ.

ಆದ್ದರಿಂದ ಈಗ ಮಾತುಕತೆಯಲ್ಲಿರುವವರಿಗೆ ಎರಡು ಮಾತು. ಮಾರುವವರು ಮುಂಗಡ ಹಿಡಿಯುವ ಮೊದಲು ಒಡಹುಟ್ಟಿದವರಿಗೂ ಪಕ್ಕದ ಮನೆಯವರಿಗೂ ಬೆಲೆ ಸಹಿತ ಹೇಳಿ, ಕೊಳ್ಳಲಾಗದಿದ್ದರೆ ಅವರೇ ಇಲ್ಲ ಎನ್ನಲಿ. ಕೊಳ್ಳುವವರು ಆಷಾಢದ ಮಳೆಯಲ್ಲಿ ಒಮ್ಮೆ ಬಂದು ಕಡಲು ನೋಡಿ, ಬಾವಿಯ ನೀರು ಕುಡಿಯಿರಿ. ಇಬ್ಬರೂ ಸೇರಿ ಆ ಕಾಲುದಾರಿಯನ್ನೂ ನಾಗಬನದ ದಾರಿಯನ್ನೂ ಅಗಲ, ದಿಕ್ಕು, ಸರ್ವೆ ನಂಬ್ರ ಸಮೇತ ಕ್ರಯಪತ್ರದ ಷೆಡ್ಯೂಲಿನಲ್ಲಿ ಚೆಕ್ಕುಬಂದಿಯ ಜೊತೆಗೇ ಬರೆಸಿ. ಆ ಎರಡು ಸಾಲಿಗೆ ದಸ್ತಾವೇಜು ಬರಹಗಾರರು ಹೆಚ್ಚಿನ ದುಡ್ಡು ಕೇಳುವುದಿಲ್ಲ.